ಕ್ಯಾಮೆರಾ ಕೆಟ್ಟಿದೆಯಾ? ಮೊದಲು ಫೋಟೋ ನೋಡಿ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಕಪಾಟಿನ ಮೂಲೆ ಸೇರಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಈಗ ಒಂದೊಂದಾಗಿ ಹೊರಗೆ ಬರುತ್ತಿವೆ. ಅಪ್ಪ-ಅವ್ವ ಯಾವಾಗಲೋ ಕೊಂಡಿದ್ದನ್ನು ಕಾಲೇಜಿಗೆ ಹೋಗುವ ಮಕ್ಕಳು ಚಾರ್ಜ್ ಮಾಡಿ ಬಳಸುತ್ತಿದ್ದಾರೆ. ನನಗಂತೂ ಇದು ಬಹಳ ಖುಷಿಯ ವಿಷಯ. ಜಪಾನಿನ ಕ್ಯಾಮೆರಾ ಕಂಪನಿಗಳ ಒಕ್ಕೂಟದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಹತ್ತೇ ವರ್ಷದಲ್ಲಿ ಆ ಲೆಕ್ಕ ಒಂದು ಕೋಟಿಗಿಂತ ಕೆಳಗಿಳಿಯಿತು. ಹಳೆಯ ಮಾದರಿಗಳಿಗೆ ಬಿಡಿಭಾಗ ಸಿಗುವುದೇ ಕಷ್ಟ. ಹಾಗಾಗಿ ಇರುವ ಕ್ಯಾಮೆರಾವನ್ನು ಉಳಿಸಿಕೊಳ್ಳುವುದು ಮುಖ್ಯ.

ಬೇಸರದ ಸಂಗತಿ ಎಂದರೆ, ಸಣ್ಣದೊಂದು ತೊಂದರೆ ಕಂಡ ಕೂಡಲೇ "ಇದು ಕೆಟ್ಟೈತಿ" ಎಂದು ಮತ್ತೆ ಕಪಾಟಿಗೆ ಸೇರಿಸಿಬಿಡುತ್ತಾರೆ. ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಕೆಟ್ಟಿದ್ದರೂ ಎಲ್ಲಿ ಕೆಟ್ಟಿದೆ ಅನ್ನುವುದು ಅದು ತೆಗೆದ ಫೋಟೋದಲ್ಲೇ ಕಾಣುತ್ತದೆ.

ಶಿವರಾತ್ರಿಯಲ್ಲಿ ಸಿದ್ಧಾರೂಢ ಮಠದ ತೇರು ನೋಡಲು ಹೋಗಿ, ಕತ್ತಲಾದ ಮೇಲೆ ಫ್ಲ್ಯಾಶ್ ಹಾಕಿ ಮನೆಯವರ ಫೋಟೋ ತೆಗೆದಿದ್ದೀರಿ ಅನ್ನಿ. ಫೋಟೋ ತುಂಬ ದುಂಡಗಿನ ಬಿಳಿ ಚುಕ್ಕೆಗಳು. ಕೆಲವರಿಗೆ ಇದು ಲೆನ್ಸಿನ ದೋಷ, ಇನ್ನು ಕೆಲವರಿಗೆ ದೈವದ ಬೆಳಕು. ನಿಜಕ್ಕೂ ಅದು ಗಾಳಿಯಲ್ಲಿರುವ ಧೂಳು. ಪುಟ್ಟ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಮತ್ತು ಲೆನ್ಸ್ ಪಕ್ಕಪಕ್ಕದಲ್ಲೇ ಇರುತ್ತವೆ. ನಿಮ್ಮ ಮನೆಯವರು 2 ಮೀಟರ್ ದೂರ ನಿಂತಿದ್ದಾರೆ, ಧೂಳಿನ ಕಣ ಲೆನ್ಸಿನಿಂದ 10 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಕಣ 20 ಪಟ್ಟು ಹತ್ತಿರ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ಅದರ ಮೇಲೆ ಬೀಳುವ ಬೆಳಕು 400 ಪಟ್ಟು ಜಾಸ್ತಿ. ಅಷ್ಟು ಹತ್ತಿರದ ವಸ್ತುವಿನ ಮೇಲೆ ಫೋಕಸ್ ಇಲ್ಲದ್ದರಿಂದ ಆ ಕಣ ಹಿಗ್ಗಿ ದೊಡ್ಡ ವೃತ್ತವಾಗಿ ಕಾಣುತ್ತದೆ. ಫ್ಲ್ಯಾಶ್ ಆಫ್ ಮಾಡಿ ಅದೇ ಜಾಗದಲ್ಲಿ ಇನ್ನೊಂದು ಫೋಟೋ ತೆಗೆಯಿರಿ, ಚುಕ್ಕೆಗಳು ಮಾಯ.

ಕಪ್ಪು ಮಚ್ಚೆಯ ಕಥೆ ಬೇರೆ. ಆಕಾಶದ ಫೋಟೋದಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಸುಕಾದ ಬೂದು ಮಚ್ಚೆ ಕಂಡರೆ ಎಲ್ಲರೂ ಮೊದಲು ಮಾಡುವುದು ಮುಂದಿನ ಗಾಜು ಒರೆಸುವುದು. ಅದರಿಂದ ಮಚ್ಚೆ ಹೋಗುವುದಿಲ್ಲ. ಮುಂದಿನ ಗಾಜಿನ ಮೇಲೆ ಬೆರಳಿನ ಜಿಡ್ಡು ಇದ್ದರೆ ಇಡೀ ಫೋಟೋ ಮಂಕಾಗುತ್ತದೆ, ದೀಪಗಳ ಸುತ್ತ ಬೆಳಕು ಹರಡಿಕೊಳ್ಳುತ್ತದೆ, ಅಷ್ಟೇ. ಮಚ್ಚೆ ಬರುವುದು ಒಳಗೆ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲಿನ ತೆಳು ಗಾಜಿಗೆ ಧೂಳು ಕೂತಾಗ. ಒಂದು ಬೆಳಗ್ಗೆ ಉಣಕಲ್ ಕೆರೆಯ ದಂಡೆಗೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬರೀ ಆಕಾಶದ ಎರಡು ಫೋಟೋ ತೆಗೆಯಿರಿ. ಒಂದು ಝೂಮ್ ಇಲ್ಲದೆ, ಇನ್ನೊಂದು ಪೂರ್ತಿ ಝೂಮ್ ಮಾಡಿ. ಮಚ್ಚೆ ಜಾಗ ಬಿಡದೆ, ಝೂಮ್ ಮಾಡಿದಾಗ ಇನ್ನಷ್ಟು ಗಾಢವಾದರೆ ಧೂಳು ಸೆನ್ಸರ್ ಮೇಲಿದೆ. ಝೂಮ್ ಮಾಡಿದಾಗ ಬೆಳಕು ಕಿರಿದಾದ ದಾರಿಯಿಂದ ಒಳಗೆ ಬರುತ್ತದೆ, ಅದಕ್ಕೇ ನೆರಳಿನ ಅಂಚು ಚೂಪಾಗುತ್ತದೆ.

ಮುಚ್ಚಿದ ಕ್ಯಾಮೆರಾದೊಳಗೆ ಧೂಳು ಹೇಗೆ ಹೋಯಿತು? ಝೂಮ್ ಮಾಡಿದಾಗಲೆಲ್ಲ ಲೆನ್ಸಿನ ಕೊಳವೆ ಮುಂದೆ ಬರುತ್ತದೆ, ಒಳಗಿನ ಜಾಗ ಹಿಗ್ಗುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ಸಂದಿಯಿಂದ ಒಳಗೆ ಬರುತ್ತದೆ. ಸೈಕಲ್ ಪಂಪಿನ ಹಿಡಿ ಮೇಲೆಳೆದಾಗ ಆಗುವುದೂ ಇದೇ. ಗದಗ, ನವಲಗುಂದ ಕಡೆಯ ಎರೆ ಭೂಮಿಯ ಧೂಳು ಬಲು ನುಣುಪು, ಬೇಸಿಗೆಯಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತದೆ. ಜಾತ್ರೆಯಲ್ಲೋ ರಾಶಿ ಮಾಡುವ ಹೊಲದಲ್ಲೋ ಇದ್ದಾಗ ಸುಮ್ನೆ ಝೂಮ್ ಒತ್ತುತ್ತಾ ಇರಬೇಡಿ. ಒಳಗೆ ಹೋದ ಧೂಳನ್ನು ತೆಗೆಯಲು ಕ್ಯಾಮೆರಾ ಬಿಚ್ಚಲೇಬೇಕು, ಅದು ರಿಪೇರಿ ಬಲ್ಲವರ ಕೆಲಸ.

ಇನ್ನು "ಫೋಟೋ ಮಸುಕು ಬರ್ತದ" ಅನ್ನುವ ದೂರು. ಈ ದೂರು ಹೇಳುವವರಿಗೆ ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿ ಅನ್ನುತ್ತೇನೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ ತೆಗೆದಿದ್ದೀರಿ. ಪ್ರತಿಯೊಂದು ಗೆರೆಯೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಕೆತ್ತನೆ ಮಸುಕಾಗಿ ಹಿಂದಿನ ಕಂಬ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪು ಜಾಗಕ್ಕೆ ಹೋಗಿದೆ. ಗುಡಿ ಸ್ಪಷ್ಟವಾಗಿದ್ದು ಓಡಾಡುವ ಜನ ಮಾತ್ರ ಮಸುಕಾಗಿದ್ದರೆ ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ನಿಧಾನ. ಈ ಮೂರರಲ್ಲೂ ಕ್ಯಾಮೆರಾ ಚೆನ್ನಾಗೇ ಇದೆ. ಆದರೆ ಎಲ್ಲ ಫೋಟೋಗಳಲ್ಲೂ ಎಡಭಾಗ ಸ್ಪಷ್ಟ, ಬಲಭಾಗ ಮಸುಕು ಅಂತಿದ್ದರೆ ಕ್ಯಾಮೆರಾ ಯಾವಾಗಲೋ ಬಿದ್ದು ಲೆನ್ಸ್ ಓರೆಯಾಗಿರಬಹುದು. ಅದು ನಿಜವಾದ ಪೆಟ್ಟು.

ಗುಡಿಯೊಳಗಿನ ಮಬ್ಬು ಬೆಳಕಿನಲ್ಲಿ ಫೋಟೋ ಕಾಳುಕಾಳಾಗಿ ಬಂದರೂ ಗಾಬರಿ ಬೇಡ. ಸಾಮಾನ್ಯ ಪುಟ್ಟ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಮದುವೆ ಫೋಟೋಗ್ರಾಫರುಗಳು ಬಳಸುವ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಇದರ 30 ಪಟ್ಟು ದೊಡ್ಡದು. ಪುಟ್ಟ ಸೆನ್ಸರಿಗೆ ಸಿಗುವ ಬೆಳಕೇ ಕಡಿಮೆ. ಆ ಕಡಿಮೆ ಸಂಕೇತವನ್ನು ಕ್ಯಾಮೆರಾ ಹಿಗ್ಗಿಸಿದಾಗ ಗದ್ದಲವೂ, ಅಂದರೆ ಬೇಡದ ಕಾಳುಚುಕ್ಕೆಗಳೂ, ಹಿಗ್ಗುತ್ತವೆ. ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಐಎಸ್ಒ ಸೆಟ್ಟಿಂಗ್ ಕಡಿಮೆ ಮಾಡಿ, ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು, 2 ಸೆಕೆಂಡಿನ ಟೈಮರ್ ಹಾಕಿ ಬಿಡಿ. ಅದೇ ಕ್ಯಾಮೆರಾ, ಅದೇ ಬೆಳಕು, ಫೋಟೋ ಮಾತ್ರ ಎಷ್ಟು ಬೇರೆ ನೋಡಿ!

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮಧ್ಯಾಹ್ನ ಪೂರ್ತಿ ಝೂಮ್ ಮಾಡಿ ತೆಗೆದರೆ ಹಕ್ಕಿಗಳು ನೀರಲ್ಲಿ ಕಲಸಿದಂತೆ ಕಾಣಬಹುದು. ಕಾದ ನೆಲದ ಮೇಲಿನ ಬಿಸಿ ಗಾಳಿ ಬೆಳಕನ್ನು ಅಲುಗಾಡಿಸುತ್ತದೆ. ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಬೆಳಗ್ಗೆ ಬೇಗ ಹೋಗಿ.

ಈಗ ಎಲ್ಲರೂ ಹೆದರುವ ತೊಂದರೆಗೆ ಬರೋಣ. "ಕಾಕಾ, ಲೆನ್ಸ್ ಒಳಗ ಹೋಗವಲ್ದು" ಎಂದು ಹುಡುಗರು ಕ್ಯಾಮೆರಾ ಹಿಡಿದು ಬರುತ್ತಾರೆ. ಪರದೆಯ ಮೇಲೆ ಲೆನ್ಸ್ ಎರರ್. ಆನ್ ಮಾಡಿದಾಗ ಒಂದು ಸಣ್ಣ ಮೋಟಾರು ಪ್ಲಾಸ್ಟಿಕ್ ಗೇರುಗಳ ಮೂಲಕ ಲೆನ್ಸನ್ನು ಹೊರಗೆ ತಳ್ಳುತ್ತದೆ. ಲೆನ್ಸ್ ಎಲ್ಲಿಗೆ ತಲುಪಿತು ಅನ್ನುವುದನ್ನು ಒಳಗಿನ ಸರ್ಕ್ಯೂಟು ಲೆಕ್ಕ ಇಡುತ್ತದೆ. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಗೇರಿನ ಹಲ್ಲು ಮುರಿಯದಿರಲಿ ಎಂದು ಮೋಟಾರು ನಿಲ್ಲಿಸಿಬಿಡುತ್ತದೆ. ಅಂದರೆ ಕ್ಯಾಮೆರಾ ತನ್ನನ್ನು ತಾನೇ ಕಾಪಾಡಿಕೊಂಡಿದೆ. ಆಗ ಲೆನ್ಸನ್ನು ಕೈಯಿಂದ ಒತ್ತಿ ತಿರುಗಿಸುವುದು ತಪ್ಪು, ಅಲ್ವಾ?

ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಹಾಕಿ ನೋಡಿ. ಲೆನ್ಸ್ ಮೋಟಾರಿಗೆ ಒಮ್ಮೆಲೇ ಹೆಚ್ಚು ಕರೆಂಟ್ ಬೇಕು, ಸೋತ ಬ್ಯಾಟರಿಗೆ ಅದು ಆಗುವುದಿಲ್ಲ. ಆಮೇಲೆ ಲೆನ್ಸ್ ಕೆಳಮುಖವಾಗಿ ಹಿಡಿದು, ಕೊಳವೆಯ ಸುತ್ತಲಿನ ಸಂದಿಗೆ ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಉಗುಳು ಹೋಗುತ್ತದೆ. ಎಣ್ಣೆ ಬಿಡಲೇಬೇಡಿ, ಅದು ಧೂಳನ್ನು ಅಂಟಿಸಿಕೊಂಡು ಕೆಸರಾಗುತ್ತದೆ. ಒಂದು ಹರಳು ಉಸುಕು ಸಿಕ್ಕಿದ್ದರೆ ಇಷ್ಟರಲ್ಲೇ ಸರಿಹೋಗುವುದುಂಟು. ಹೋಗದಿದ್ದರೆ ಸ್ಕ್ರೂ ಬಿಚ್ಚುವ ಸಾಹಸ ಬೇಡ. ಫ್ಲ್ಯಾಶಿಗೆ ಶಕ್ತಿ ತುಂಬಿಡುವ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಹಳ ಹೊತ್ತು ಉಳಿಯುತ್ತದೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ದಯವಿಟ್ಟು ಇದನ್ನು ಮಕ್ಕಳಿಗೂ ಹೇಳಿ.

ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆನ್ ಆಗಿ ತಕ್ಷಣ ಆಫ್ ಆಗುತ್ತಿದ್ದರೆ ಸಾಮಾನ್ಯವಾಗಿ ಸೆಲ್ಲಿನದೇ ತಪ್ಪು. ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಅಗ್ಗದ ಸೆಲ್ಲುಗಳು ಇಷ್ಟು ಕರೆಂಟ್ ಕೊಡಲಾರವು. ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ 1.2 ವೋಲ್ಟಿನದೇ ಆದರೂ ಚೆನ್ನಾಗಿ ಎಳೆಯುತ್ತದೆ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ.

ಕಾರ್ಡ್ ಲಾಕ್ ಆಗಿದೆ ಎಂದು ತೋರಿಸಿದರೆ ಕಾರ್ಡಿನ ಪಕ್ಕದ ಪುಟ್ಟ ಗುಂಡಿಯನ್ನು ಹಿಂದೆ ಸರಿಸಿದರೆ ಮುಗಿಯಿತು. 2006ಕ್ಕಿಂತ ಹಳೆಯ ಕ್ಯಾಮೆರಾಗಳಿಗೆ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ ಓದಲು ಬರುವುದಿಲ್ಲ. ಹೊಸ 64 ಜಿಬಿ ಕಾರ್ಡ್ ಹಾಕಿ ಕ್ಯಾಮೆರಾವನ್ನು ಬೈದು ಉಪಯೋಗವಿಲ್ಲ. ಇನ್ನು ಫೋಟೋ ಅಳಿಸಿಹೋದರೆ ಆ ಕಾರ್ಡಿಗೆ ಒಂದೇ ಒಂದು ಹೊಸ ಫೋಟೋ ತೆಗೆಯಬೇಡಿ. ಅಳಿಸಿದಾಗ ಹೋಗುವುದು ಫೋಟೋದ ವಿಳಾಸ ಮಾತ್ರ, ಫೋಟೋ ಅಲ್ಲೇ ಇರುತ್ತದೆ. ಅದರ ಮೇಲೆ ಬೇರೆಯದು ಬರೆಯುವವರೆಗೆ ರಿಕವರಿ ಸಾಫ್ಟ್‌ವೇರಿನಿಂದ ವಾಪಸ್ ಪಡೆಯುವ ಆಸೆ ಇದೆ.

ಧಾರವಾಡದವರಿಗೆ ಧೂಳಿಗಿಂತ ಮಳೆಗಾಲದ ಥಂಡಿಯ ಕಾಟ ಜಾಸ್ತಿ. ಗಾಳಿಯಲ್ಲಿ ತೇವ ಹೆಚ್ಚಿದ್ದು ಕ್ಯಾಮೆರಾ ತಿಂಗಳುಗಟ್ಟಲೆ ಕತ್ತಲಲ್ಲೇ ಇದ್ದರೆ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಟಾರ್ಚ್ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಬಿಳಿ ಎಳೆಗಳು ಕಾಣುತ್ತವೆ. ಅದು ಬಿಡುವ ಆಮ್ಲ ಲೆನ್ಸಿನ ಲೇಪವನ್ನು ತಿನ್ನುತ್ತದೆ, ಒಮ್ಮೆ ತಿಂದರೆ ಒರೆಸಿದರೂ ಗುರುತು ಹೋಗುವುದಿಲ್ಲ. ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಟ್ಟೆಗೆ ಹಾಕುವ ನುಸಿಗುಳಿಗೆ ಹತ್ತಿರ ಇರಬಾರದು, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಹಾಳು ಮಾಡುತ್ತದೆ. ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರಗೆ ತೆಗೆದು ಬೇರೆ ಇಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಬಿದ್ದ ದಿನ ಡಬ್ಬಿ ತೆರೆದು, ಅಂಗಳದಲ್ಲಿ ನಿಂತು ನಾಲ್ಕಾರು ಫೋಟೋ ತೆಗೆದು ಮತ್ತೆ ಒಳಗಿಡಿ.