ನರ್ಸ್ ಯಾರ ಪರ ನಿಲ್ಲಬೇಕು, ಹೇಗೆ ನಿಲ್ಲಬೇಕು: ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಓದುತ್ತಿರುವ ಗೆಳತಿಯರಿಗೆ ಟಿಪ್ಪಣಿ

ಲೀಡರ್‌ಶಿಪ್ ಮತ್ತು ಅಡ್ವೊಕಸಿಯ ಈ ಪಾಠ ನಮ್ಮ ನಾಲ್ವರಿಗೂ ಕಷ್ಟ ಆಗಿದೆ. ಡ್ಯೂಟಿ ಮುಗಿಸಿ, ಡೊಂಬಿವಲಿ ಲೋಕಲ್ ಟ್ರೇನ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಓದುವಾಗ ‘ಲೀಡರ್‌ಶಿಪ್’, ‘ಅಡ್ವೊಕಸಿ’ ಅನ್ನುವ ಪದಗಳು ಕಣ್ಣಿಗೆ ಬೀಳುತ್ತವೆ, ತಲೆಗೆ ಇಳಿಯುವುದಿಲ್ಲ. ಹನ್ನೆರಡನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರಿಗೆ ಇದು ಇನ್ನೂ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ನನಗೆ ಅರ್ಥ ಆದಷ್ಟನ್ನು ನಮ್ಮ ಮಾತಿನಲ್ಲೇ ಬರೆದಿದ್ದೇನೆ.

ಅಡ್ವೊಕೇಟ್ ಅಂದ ಕೂಡಲೇ ನಮಗೆ ಕರಿ ಕೋಟು ನೆನಪಾಗುತ್ತದೆ. ಪಾಠದಲ್ಲಿರುವ ಅರ್ಥವೂ ಅದರ ಹತ್ತಿರದ್ದೇ. ರೋಗಿಯ ಪರ ವಕಾಲತ್ತು ವಹಿಸುವುದು. ರೋಗಿಗೆ ಏನು ಬೇಕು, ಏನು ಗೊತ್ತಾಗಬೇಕು, ಏನು ಆಗಬಾರದು ಅನ್ನುವುದನ್ನು ಕೇಳಿಸಿಕೊಳ್ಳಬೇಕಾದವರ ಕಿವಿಗೆ ಮುಟ್ಟಿಸುವುದು. ವಕೀಲರು ಕಕ್ಷಿದಾರರ ಮಾತನ್ನೇ ಹೇಳುವ ಹಾಗೆ, ನಾವೂ ರೋಗಿಯ ಮಾತನ್ನೇ ಹೇಳಬೇಕು. ನಮಗೆ ಸರಿ ಅನ್ನಿಸಿದ್ದನ್ನು ಅವರ ಬಾಯಲ್ಲಿ ತುರುಕಬಾರದು. ಉತ್ತರ ಬರೆಯುವಾಗ ಈ ಒಂದು ಸಾಲು ಬಿಡಬೇಡಿ.

ಇದು ನನಗೆ ಪುಸ್ತಕಕ್ಕಿಂತ ಮೊದಲು ಒಂದು ನೈಟ್ ಡ್ಯೂಟಿಯಲ್ಲಿ ತಿಳಿಯಿತು. ಕಲಬುರಗಿ ಕಡೆಯ ಗಾರೆ ಕೆಲಸದವರು ಒಬ್ಬರು, ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆತು ಹೋಗಿತ್ತು. ಬೆಳಗಿನ ಜಾವ ಓಟಿಗೆ (ಆಪರೇಷನ್ ಥಿಯೇಟರಿಗೆ) ಕಳಿಸಬೇಕು. ಅವರ ಹೆಂಡತಿಯ ಕೈಯಲ್ಲಿ ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ), ಪಕ್ಕದಲ್ಲಿ ಹೆಬ್ಬೆಟ್ಟಿನ ಇಂಕ್ ಪ್ಯಾಡ್. ಫಾರ್ಮ್ ಮರಾಠಿ ಮತ್ತು ಇಂಗ್ಲಿಷಿನಲ್ಲಿತ್ತು. ನಾನು ಮಾವಶಿ (ವಾರ್ಡಿನ ಆಯಾ) ಜೊತೆ ಕನ್ನಡದಲ್ಲಿ ಏನೋ ಅಂದಿದ್ದನ್ನು ಕೇಳಿ ಆಕೆ ಹತ್ತಿರ ಬಂದು, ‘ಅಕ್ಕಾರ, ಇದ್ರಾಗ ಏನ್ ಬರದಾರ್ರಿ?’ ಅಂದರು. ಓದಿದೆ. ಗಾಯ ತೊಳೆದು ಸತ್ತ ಮಾಂಸ ತೆಗೆಯುವುದು ಅಂತ ಇತ್ತು, ಅದರ ಕೆಳಗೆ ಕೈಬರಹದಲ್ಲಿ ‘ಅಗತ್ಯ ಬಿದ್ದರೆ ಬೆರಳುಗಳನ್ನು ತೆಗೆಯುವುದು’ ಅಂತಲೂ ಇತ್ತು. ಬೆರಳಿನ ಮಾತನ್ನು ಆಕೆಗೆ ಯಾರೂ ತಿಳಿಯುವ ಹಾಗೆ ಹೇಳಿರಲಿಲ್ಲ. ಹೇಳಿದ್ದರೂ ಹಿಂದಿಯಲ್ಲಿ ಹೇಳಿರಬೇಕು. ಆಕೆ ತಲೆ ಆಡಿಸಿರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು. ಆಪರೇಷನ್ ಬಗ್ಗೆ ವಿವರಿಸಿ ಒಪ್ಪಿಗೆ ಪಡೆಯುವುದು ಡಾಕ್ಟರ ಜವಾಬ್ದಾರಿ. ನಾವು ಸಾಕ್ಷಿ ಹಾಕುವವರು. ಅದನ್ನು ನಾವೇ ವಿವರಿಸಿ ಮುಗಿಸಿದರೆ ತಪ್ಪಾಗುತ್ತದೆ, ರೋಗಿ ಕೇಳುವ ಎರಡನೇ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟೇ: ‘ಸಾರ್, ಇವರಿಗೆ ಬೆರಳು ತೆಗೆಯುವ ವಿಷಯ ಗೊತ್ತಿಲ್ಲ. ನೀವು ಇನ್ನೊಂದು ಸಲ ಹೇಳಿ, ನಾನು ಕನ್ನಡಕ್ಕೆ ತಿರುಗಿಸುತ್ತೇನೆ’ ಅಂದೆ. ಜೂನಿಯರ್ ಡಾಕ್ಟರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಬಂದು, ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ನಿಧಾನವಾಗಿ ಹೇಳಿದರು. ಆಕೆ ಊರಿಗೆ ಫೋನ್ ಮಾಡಿ ಮೈದುನನ ಹತ್ತಿರ ಮಾತಾಡಿದರು, ಗಂಡನ ಹತ್ತಿರ ಮಾತಾಡಿದರು. ಗಂಡನಿಗೆ ಪೂರ್ತಿ ಎಚ್ಚರ ಇತ್ತು, ಹಾಗಾಗಿ ಸಹಿ ಅವರದ್ದೇ ಆಗಬೇಕಿತ್ತು, ಅದನ್ನೂ ಆಗಲೇ ಸರಿ ಮಾಡಿದೆವು. ಎಲ್ಲಾ ಸೇರಿ ಇಪ್ಪತ್ತು ನಿಮಿಷ.

ಇದಕ್ಕೆ ಕಾನೂನಿನ ಬಲ ಇದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪರೀಕ್ಷೆಗೆ ಅಂತ ಕೊಟ್ಟ ಒಪ್ಪಿಗೆಯನ್ನು ಆಪರೇಷನ್‌ಗೂ ಕೊಟ್ಟ ಒಪ್ಪಿಗೆ ಅಂತ ತಿಳಿಯಬಾರದು. ಏನು ಮಾಡುತ್ತಾರೆ, ಅಪಾಯ ಏನು, ಬೇರೆ ದಾರಿ ಇದೆಯಾ, ಇದೆಲ್ಲಾ ರೋಗಿಗೆ ಮೊದಲೇ ಗೊತ್ತಿರಬೇಕು. ಜೀವಕ್ಕೆ ತಕ್ಷಣದ ಅಪಾಯ ಇದ್ದಾಗ ಮಾತ್ರ ಬೇರೆ.

ಆದರೆ ಆ ರಾತ್ರಿ ನಾನು ಒಂದು ಕೆಲಸ ಮಾಡಲಿಲ್ಲ. ಬರೆದಿಡಲಿಲ್ಲ. ಕೆಲವು ವಾರಗಳ ನಂತರ ತೆಲುಗಿನವರೊಬ್ಬರಿಗೆ ಹೀಗೇ ಆಯಿತು, ನಾನು ನಮ್ಮ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ, ‘ಇದು ಯಾವಾಗಲೂ ಆಗುತ್ತದೆ’ ಅಂದೆ. ಅವರು ‘ಯಾವಾಗಲೂ ಅಂದರೆ ಎಷ್ಟು ಸಲ?’ ಅಂದರು. ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಅವರು ಬೈಯಲಿಲ್ಲ, ಡ್ರಾಯರ್‌ನಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಕೊಟ್ಟರು. ಅಂದಿನಿಂದ ಮೂರು ಶಿಫ್ಟಿನವರೂ ಅದರಲ್ಲಿ ಗೀಟು ಎಳೆದು ಬರೆದೆವು: ತಾರೀಖು, ಬೆಡ್ ನಂಬರ್, ರೋಗಿಯ ಭಾಷೆ, ಯಾವ ವಿಷಯ ತಿಳಿಯಲಿಲ್ಲ, ಯಾರು ತಿರುಗಿಸಿ ಹೇಳಿದರು, ಎಷ್ಟು ಹೊತ್ತು ಕಾಯಬೇಕಾಯಿತು. ಎರಡು ತಿಂಗಳಾದ ಮೇಲೆ ಇನ್‌ಚಾರ್ಜ್ ಅದನ್ನು ಮೇಟ್ರನ್ (ಆಸ್ಪತ್ರೆಯ ನರ್ಸ್‌ಗಳ ಮುಖ್ಯಸ್ಥೆ) ಮುಂದೆ ಇಟ್ಟರು. ಈಗ ನಮ್ಮಲ್ಲಿ ಯಾವ ಸ್ಟಾಫಿಗೆ ಯಾವ ಭಾಷೆ ಬರುತ್ತದೆ, ಯಾವ ಶಿಫ್ಟಿನಲ್ಲಿ ಇದ್ದಾರೆ ಅನ್ನುವ ಪಟ್ಟಿ ಪ್ರತಿ ವಾರ್ಡಿನ ಫೋನಿನ ಪಕ್ಕ ಅಂಟಿಸಿದ್ದಾರೆ.

ನನಗೆ ಈ ಪಾಠ ಪೂರ್ತಿ ತೆರೆದುಕೊಂಡಿದ್ದು ಆ ನೋಟ್‌ಬುಕ್‌ನಿಂದ. ಒಬ್ಬ ರೋಗಿಯ ಪರ ಮಾತಾಡಿದಾಗ ಆ ರಾತ್ರಿಗೆ ಒಳ್ಳೆಯದಾಯಿತು. ಎಣಿಸಿ ಬರೆದಾಗ ನನಗೆ ರಜೆ ಇದ್ದ ದಿನ ಬಂದ ರೋಗಿಗೂ ಒಳ್ಳೆಯದಾಯಿತು. ಮೊದಲನೆಯದು ಅಡ್ವೊಕಸಿ, ಎರಡನೆಯದರಿಂದ ಲೀಡರ್‌ಶಿಪ್ ಶುರು. ಲೀಡರ್ ಆಗಲು ಮೇಟ್ರನ್ ಕುರ್ಚಿ ಬೇಕಾಗಿಲ್ಲ.

ಇದನ್ನು ಇಟ್ಟುಕೊಂಡು ಈಗ ಫ್ಲಾರೆನ್ಸ್ ನೈಟಿಂಗೇಲ್ ಅವರ ಭಾಗ ಓದಿ, ಬೇರೆ ಥರ ಕಾಣುತ್ತದೆ. ದೀಪ ಹಿಡಿದ ಚಿತ್ರ ಎಲ್ಲರಿಗೂ ಗೊತ್ತು. 1854ರ ನವೆಂಬರಿನಲ್ಲಿ 38 ನರ್ಸ್‌ಗಳ ಜೊತೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ, ಟರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದರು. ಅಲ್ಲಿ ಗಾಯಕ್ಕಿಂತ ಕಾಯಿಲೆಯಿಂದ ಸಾಯುವವರೇ ಜಾಸ್ತಿ ಇದ್ದರು. 1855ರಲ್ಲಿ ಚರಂಡಿ, ನೀರು, ಗಾಳಿ ಸರಿ ಮಾಡಿದ ಮೇಲೆ ಸಾವು ಇಳಿಯಿತು. ಇಂಗ್ಲೆಂಡಿಗೆ ವಾಪಸ್ ಬಂದು ಆ ಲೆಕ್ಕವನ್ನೆಲ್ಲಾ ಅವರು ಚಿತ್ರ ಮಾಡಿದರು, ಹೂವಿನ ದಳಗಳ ಹಾಗೆ, ತಿಂಗಳಿಗೊಂದು ದಳ. ತಡೆಯಬಹುದಾಗಿದ್ದ ಕಾಯಿಲೆಯ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು. ಅಂಕಿ ಓದಲು ಪುರುಸೊತ್ತಿಲ್ಲದ ಮಂತ್ರಿಗೂ ನೀಲಿ ಎಷ್ಟು ದೊಡ್ಡದು ಅಂತ ಒಂದು ನೋಟಕ್ಕೆ ಗೊತ್ತಾಗಬೇಕು, ಅದು ಅವರ ಉದ್ದೇಶ.

ಇನ್ನೊಂದು ವಿಷಯ, ನನಗೆ ತುಂಬಾ ಮನಸ್ಸಿಗೆ ತಟ್ಟಿದ್ದು. 1857ರಿಂದ ಅವರಿಗೇ ಆರೋಗ್ಯ ಕೆಟ್ಟು, ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಬ್ರಿಟಿಷ್ ಸೈನ್ಯದ ಆರೋಗ್ಯದ ಬಗ್ಗೆ 1859ರಲ್ಲಿ ಆಯೋಗ ಕೂತಾಗ ಇಲ್ಲಿನ ದಂಡುಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಬಂದ ಕಾಗದಗಳ ರಾಶಿಯನ್ನು ಓದಿ, ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದಾರೆ, ಅದಕ್ಕೆ ಕಾರಣ ಕೊಳಕು ನೀರು ಮತ್ತು ಚರಂಡಿ ಅಂತ ತೋರಿಸಿದರು. ರೋಗಿಯ ಹಾಸಿಗೆಯಿಂದ ಇಷ್ಟು ದೂರ ಇದ್ದುಕೊಂಡು ಮಾಡಿದ ನರ್ಸಿಂಗ್ ಅದು.

ಪುಣೆಯವರು ಇದಕ್ಕೆ ಸಾವಿತ್ರಿಬಾಯಿ ಫುಲೆ ಅವರನ್ನು ಸೇರಿಸಿ ಬರೆಯಬಹುದು. ಸರ್ಟಿಫಿಕೇಟ್ ಇದ್ದ ನರ್ಸ್ ಅಲ್ಲ. ಆದರೆ 1897ರ ಪ್ಲೇಗಿನಲ್ಲಿ ಮಗ ಯಶವಂತ ಅವರ ಜೊತೆ ಊರ ಹೊರಗೆ ಚಿಕಿತ್ಸಾಲಯ ನಡೆಸಿ, ರೋಗಿಗಳ ಸೇವೆ ಮಾಡುತ್ತಾ ತಮಗೂ ಪ್ಲೇಗ್ ತಗುಲಿ ಮಾರ್ಚ್ 10ರಂದು ತೀರಿಕೊಂಡರು.

ಈಗ ನಾವು ದಿನಾ ಅನುಭವಿಸುವ ವಿಷಯ, ಒಬ್ಬ ನರ್ಸಿಗೆ ಎಷ್ಟು ರೋಗಿಗಳು. ಇಲ್ಲಿ ನಮ್ಮಲ್ಲಿ ಮೂವರು ತಪ್ಪು ಬರೆದಿದ್ದೆವು, ಹಾಗಾಗಿ ನಿಧಾನವಾಗಿ ನೋಡಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ 1:3 ಅನ್ನುತ್ತದೆ. ಅದನ್ನು ನೋಡಿ ಮೂರು ರೋಗಿಗೆ ಒಬ್ಬ ನರ್ಸ್ ನಿಂತಿರುತ್ತಾರೆ ಅಂದುಕೊಳ್ಳಬೇಡಿ. ಮೂರೂ ಶಿಫ್ಟ್ ಸೇರಿಸಿದ ಲೆಕ್ಕ ಅದು. ಒಂದು ಶಿಫ್ಟಿಗೆ ಹಂಚಿದರೆ 1:9 ಆಗುತ್ತದೆ. 36 ಬೆಡ್‌ನ ವಾರ್ಡ್ ತೆಗೆದುಕೊಳ್ಳಿ: ಒಟ್ಟು 12 ನರ್ಸ್, ಶಿಫ್ಟಿಗೆ 4. ರಜೆಗೆ ಅಂತ ಶೇ 30 ಸೇರಿಸಿದರೆ ಸುಮಾರು 16 ಜನ ಹುದ್ದೆಯಲ್ಲಿ ಇರಬೇಕು. ನಿಮ್ಮ ವಾರ್ಡಿನ ಡ್ಯೂಟಿ ರೋಸ್ಟರ್ ಪಕ್ಕ ಈ ಲೆಕ್ಕ ಇಟ್ಟು ನೋಡಿ. ರಾತ್ರಿ ಎಷ್ಟು ಜನ ಇರುತ್ತೀರಿ ಅಂತ ನಾನು ಹೇಳಬೇಕಾಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ನರ್ಸ್‌ಗಳು ವರ್ಷಗಟ್ಟಲೆ ಹೋರಾಡಿ 1999ರಲ್ಲಿ ಇದಕ್ಕೆ ಕಾನೂನೇ ಮಾಡಿಸಿದರು, 2004ರಿಂದ ಜಾರಿಗೆ ಬಂತು. ಅಲ್ಲಿ ಐಸಿಯುನಲ್ಲಿ ಒಬ್ಬರಿಗೆ ಎರಡು ರೋಗಿ, ಸಾಮಾನ್ಯ ವಾರ್ಡಿನಲ್ಲಿ ಐದು. ಅದಕ್ಕಿಂತ ಜಾಸ್ತಿ ಯಾವ ಹೊತ್ತಿನಲ್ಲೂ ಕೊಡುವ ಹಾಗಿಲ್ಲ. ಇದರ ಜೊತೆ ಲಿಂಡಾ ಐಕನ್ ಅವರ 2002ರ ಅಧ್ಯಯನ ಬರೆಯಿರಿ. ಅವರೂ ನರ್ಸೇ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಆಪರೇಷನ್ ಆದವರನ್ನು ನೋಡಿದರು. ಒಬ್ಬ ನರ್ಸಿಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲಾ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ‘ನಮಗೆ ಕೆಲಸ ಜಾಸ್ತಿ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ರೋಗಿ ಸಾಯುತ್ತಾನೆ ಅಂತ ಲೆಕ್ಕ ಇಟ್ಟರೆ ಕೇಳಲೇಬೇಕಾಗುತ್ತದೆ.

ಸಂಬಳದ ವಿಷಯವೂ ಇದೇ ಪಾಠಕ್ಕೆ ಸೇರಿದ್ದು, ನಾಚಿಕೊಳ್ಳಬೇಡಿ. 1908ರಲ್ಲಿ ಹುಟ್ಟಿದ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಸುಪ್ರೀಂ ಕೋರ್ಟಿಗೆ ಹೋಗಿ, 2016ರ ಜನವರಿಯಲ್ಲಿ ಆದೇಶ ಪಡೆಯಿತು. ಅದರಂತೆ ಕೂತ ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಹೇಳಿದ್ದು: 200ಕ್ಕಿಂತ ಜಾಸ್ತಿ ಬೆಡ್ ಇದ್ದರೆ ರಾಜ್ಯ ಸರ್ಕಾರದ ನರ್ಸಿನ ಸಮ ಸಂಬಳ, 100ಕ್ಕಿಂತ ಜಾಸ್ತಿ ಇದ್ದರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಮ್ಮಿ ಇರಬಹುದು, 50ರಿಂದ 100 ಇದ್ದರೆ ಶೇ 25, ಅದಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಇದು ಶಿಫಾರಸು, ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿದೆ.

ಈಗ ಅರುಣಾ ಶಾನಭಾಗ್. ಇದನ್ನು ನಾನು ಸುಮ್ನೆ ಉದಾಹರಣೆ ಅಂತ ಬರೆಯಲಾರೆ. ಅವರು ಉತ್ತರ ಕನ್ನಡದ ಹಳದೀಪುರದವರು, ನಮ್ಮ ಹಾಗೇ ಊರು ಬಿಟ್ಟು ಮುಂಬೈಗೆ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಾಯಿಸಲು ಹೋದಾಗ ಅಲ್ಲೇ ಕೆಲಸ ಮಾಡುತ್ತಿದ್ದವನು ಕ್ರೂರವಾಗಿ ಹಲ್ಲೆ ಮಾಡಿದ. ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ನರ್ಸ್‌ಗಳು ನೋಡಿಕೊಂಡರು. ಅವರನ್ನು ಎಂದೂ ಕಾಣದ, ಅವರಿಗೆ ಹಾಗಾದಾಗ ಇನ್ನೂ ಹುಟ್ಟಿಯೇ ಇರದ ನರ್ಸ್‌ಗಳೂ ನೋಡಿಕೊಂಡರು.

ಬೆಡ್‌ಸೋರ್, ಅಂದರೆ ಮಲಗಿದ್ದಲ್ಲೇ ಆಗುವ ಹುಣ್ಣು, ಆಗಲಿಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ ಕೂಡ ಗಮನಿಸಿದೆ. ಇದರ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ರೂಢಿಯ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಲೆಕ್ಕ ಹಿಡಿದರೆ ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. 41 ವರ್ಷಕ್ಕೆ ಗುಣಿಸಿ, ಹತ್ತಿರ ಹತ್ತಿರ 1 ಲಕ್ಷದ 80 ಸಾವಿರ.

ಪರೀಕ್ಷೆಗೆ ಬೇಕಾದದ್ದು ಹಾಸಿಗೆಯ ಆಚೆಗಿನ ಭಾಗ. ಹಲ್ಲೆ ಆದಾಗ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿ ಅರುಣಾ ಅವರಿಗೆ ಸರಿಯಾದ ಆರೈಕೆ, ತಮಗೆ ಸುರಕ್ಷಿತ ಕೆಲಸದ ಜಾಗ ಕೇಳಿದರು. 1980ರ ದಶಕದಲ್ಲಿ ಬೆಡ್ ಖಾಲಿ ಮಾಡಿಸಲು ಪಾಲಿಕೆ ಅವರನ್ನು ಬೇರೆಡೆಗೆ ಸಾಗಿಸಲು ಎರಡು ಸಲ ಪ್ರಯತ್ನ ಮಾಡಿತು, ನರ್ಸ್‌ಗಳು ಪ್ರತಿಭಟಿಸಿ ತಡೆದರು. ಕೊನೆಗೆ ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ಕೆಇಎಂ ಸಿಬ್ಬಂದಿ ಬೇಡ ಅಂದರು. 2011ರ ಮಾರ್ಚ್ 7ರ ತೀರ್ಪು ಅರ್ಜಿಯನ್ನು ತಳ್ಳಿಹಾಕಿ, ಆಕೆಯ ಪರವಾಗಿ ಮಾತಾಡುವ ನಿಜವಾದ ಹಿತೈಷಿ ಈ ಸಿಬ್ಬಂದಿಯೇ ಅಂತ ಒಪ್ಪಿತು. ಅದೇ ತೀರ್ಪು ಬೇರೆ ಪ್ರಕರಣಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ದಾರಿಯನ್ನೂ ತೆರೆಯಿತು. ತೀರ್ಪಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇರೆ ಇರಬಹುದು, ನಾವು ನಾಲ್ವರೇ ಒಂದು ಸಂಜೆ ಪೂರ್ತಿ ವಾದ ಮಾಡಿದ್ದೇವೆ. ಆದರೆ ದೇಶದ ದೊಡ್ಡ ಕೋರ್ಟು ನರ್ಸ್‌ಗಳ ಮಾತಿಗೆ ಆ ಸ್ಥಾನ ಕೊಟ್ಟಿತು ಅಂದರೆ ಅದರ ಹಿಂದೆ ಅಷ್ಟು ವರ್ಷದ ಆರೈಕೆ ಇತ್ತು.

ಮಹಾರಾಷ್ಟ್ರದಲ್ಲಿ ಕೆಲಸ ಮಾಡುವವರು ಇದೊಂದು ಗೊತ್ತಿಟ್ಟುಕೊಳ್ಳಿ, ನಾಳೆಯೇ ಉಪಯೋಗಕ್ಕೆ ಬರುತ್ತದೆ. ಇಲ್ಲಿನ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಂ ಮತ್ತು 2006ರಲ್ಲಿ ಬಾಂಬೆ ಹೈಕೋರ್ಟ್ ರೂಪಿಸಿದ ಯೋಜನೆ ಪ್ರಕಾರ ಚಾರಿಟಬಲ್ ಟ್ರಸ್ಟ್ ಆಸ್ಪತ್ರೆಗಳು ಶೇ 10 ಬೆಡ್ ಕಡುಬಡವರಿಗೆ ಉಚಿತವಾಗಿ, ಇನ್ನು ಶೇ 10 ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು. ದೊಡ್ಡ ಹೆಸರಿನ ಎಷ್ಟೋ ಆಸ್ಪತ್ರೆಗಳು ಇದರೊಳಗೆ ಬರುತ್ತವೆ. ಬಿಲ್ ಕೌಂಟರ್ ಮುಂದೆ ತಾಳಿ ಬಿಚ್ಚುತ್ತಿರುವ ಹೆಂಗಸಿಗೆ, ‘ಮೊದಲು ಸೋಶಿಯಲ್ ವರ್ಕರ್ ಹತ್ತಿರ ಹೋಗಿ, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ ತೋರಿಸಿ’ ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದರೆ ಆ ಮನೆ ಸಾಲದಿಂದ ಉಳಿಯಬಹುದು.

ಕೊನೆಯದು ಎಸ್‌ಬಿಎಆರ್ (SBAR), ರೋಗಿಯ ಸ್ಥಿತಿಯನ್ನು ನಾಲ್ಕು ಭಾಗ ಮಾಡಿ ಡಾಕ್ಟರಿಗೆ ಹೇಳುವ ರೀತಿ. ಡಾಕ್ಟರಿಗೆ ಫೋನ್ ಮಾಡುವಾಗ ನಾವು ‘ಸಾರ್, ಪೇಶಂಟ್ ಯಾಕೋ ಸರಿ ಇಲ್ಲ’ ಅಂತೀವಿ, ಅವರು ‘ನೋಡ್ತೀನಿ’ ಅಂತಾರೆ. ಬದಲಿಗೆ ಹೀಗೆ ಹೇಳಿ: ‘ಬೆಡ್ 14, ಬಿಪಿ 90/60ಕ್ಕೆ ಇಳಿದಿದೆ, ನಾಡಿ 124. ಬೆಳಿಗ್ಗೆ ಹೊಟ್ಟೆಯ ಆಪರೇಷನ್ ಆಗಿದೆ. ಕಳೆದ ಎರಡು ಗಂಟೆಗಳಿಂದ ಮೂತ್ರ ಗಂಟೆಗೆ 20 ಎಂಎಲ್ ಮಾತ್ರ, ಒಳಗೆ ರಕ್ತ ಹೋಗುತ್ತಿದೆ ಅಂತ ನನ್ನ ಅನುಮಾನ. ನೀವು ಈಗಲೇ ಬಂದು ನೋಡಬೇಕು.’ ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ನಮ್ಮ ಕೋರಿಕೆ, ನಾಲ್ಕೂ ಅದರಲ್ಲಿ ಇದೆ. ಕರೆ ಮಾಡಿದ ಸಮಯ, ಬಂದ ಉತ್ತರ, ಎರಡನ್ನೂ ನೋಟ್ಸಿನಲ್ಲಿ ಬರೆಯಿರಿ. ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ, ಅದನ್ನೂ ಬರೆಯಿರಿ.

ಭಾನುವಾರ ಕೂರುವ ಮೊದಲು ನಾಲ್ವರೂ ನಮ್ಮ ನಮ್ಮ ವಾರ್ಡಿನ ಒಂದು ಕೇಸ್ ತೆಗೆದು, ಹೆಸರು ಬಿಟ್ಟು, ಈ ರೀತಿ ಬರೆದು ತರೋಣ. ಜೊತೆಗೆ ನಿಮ್ಮ ವಾರ್ಡಿನಲ್ಲಿ ಇದುವರೆಗೆ ಯಾರೂ ಎಣಿಸದ ಒಂದು ತೊಂದರೆ ಯಾವುದು ಅಂತಲೂ ಬರೆದುಕೊಂಡು ಬನ್ನಿ. ನೂರು ಪುಟದ ನೋಟ್‌ಬುಕ್ ನಾನು ನಾಲ್ಕು ತಂದಿರುತ್ತೇನೆ.