ಮುದ್ದೆ ತಿಂದ ಮೂಳೆಯೂ ಸವೆಯುವುದೇಕೆ?

“ಹುಟ್ಟಿದಾಗಿನಿಂದ ರಾಗಿಮುದ್ದೆ ತಿಂದವಳು ನಾನು, ನನ್ನ ಮೂಳೆ ಹೆಂಗೆ ಮುರೀತು ಡಾಕ್ಟ್ರೇ?” ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಬಂದಿದ್ದ, ಅರವತ್ತು ದಾಟಿದ ಮಂಡ್ಯ ಕಡೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿದು. ಇದು ನ್ಯಾಯವಾದ ಪ್ರಶ್ನೆಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಾಗಲಿ ಗೋಧಿಯಾಗಲಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಆದರೆ ತಿಂದದ್ದೆಲ್ಲ ಮೂಳೆಗೆ ಸೇರುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶವು ಕ್ಯಾಲ್ಸಿಯಂನ ಒಂದು ಪಾಲನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿದರೆ ಈ ತಡೆ ಕಡಿಮೆಯಾಗುತ್ತದೆ. ಮಗುವಿಗೆಂದು ಮಾಡುವ ಆ ಹಿಟ್ಟಿನ ಗಂಜಿಯನ್ನು ಮನೆಯ ಹಿರಿಯರೂ ಕುಡಿಯಬೇಕೆಂಬುದು ನನ್ನ ಆಸೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟ್ ಎಂಬ ಇನ್ನೊಂದು ಅಂಶ ಹೆಚ್ಚಿರುವುದರಿಂದ ಅದರ ಕ್ಯಾಲ್ಸಿಯಂ ದೇಹಕ್ಕೆ ದಕ್ಕುವುದು ತೀರಾ ಕಡಿಮೆ. ಹಾಲು, ಮೊಸರು, ಮಜ್ಜಿಗೆಗಳದ್ದು ಸುಲಭವಾಗಿ ದಕ್ಕುತ್ತದೆ.

ಇನ್ನು ಮುಟ್ಟು ನಿಂತ ಮೇಲೆ ಲೆಕ್ಕವೇ ಬದಲಾಗುತ್ತದೆ. ಮೂಳೆಯು ದಿನವೂ ಒಂದಿಷ್ಟು ಕರಗಿ ಮತ್ತೆ ಕಟ್ಟಿಕೊಳ್ಳುವ ಜೀವಂತ ಅಂಗ. ಕರಗುವುದಕ್ಕೆ ಕಡಿವಾಣ ಹಾಕುವ ಈಸ್ಟ್ರೋಜನ್ ಎಂಬ ಹಾರ್ಮೋನು ಕುಸಿದಾಗ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಆದ್ದರಿಂದಲೇ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಸೂಚಿಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಈ ಹಂತದ ಮಹಿಳೆಯರಿಗೆ 1200 ಎನ್ನುತ್ತದೆ.

ಆ ತಾಯಿ ಗದ್ದೆ ಕೆಲಸ ಬಿಟ್ಟು ಮಗನ ಅಪಾರ್ಟ್‌ಮೆಂಟಿಗೆ ಬಂದು ಹತ್ತು ವರ್ಷವಾಗಿತ್ತು. ಬಿಸಿಲಿಲ್ಲದೆ ವಿಟಮಿನ್ ಡಿ ಇಲ್ಲ, ಅದಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಲ್ಲು ನೋವೆಂದು ಕಾಳು ಬಿಟ್ಟಿದ್ದರು, ಊಟಕ್ಕೆ ಉಪ್ಪಿನಕಾಯಿ ಇರಲೇಬೇಕಿತ್ತು. ಮೂಳೆಯ ಹಂದರಕ್ಕೆ ಪ್ರೋಟೀನ್ ಬೇಕು; ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುತ್ತದೆ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಅವರ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5ಕ್ಕಿಂತ ಕೆಳಗಿತ್ತು, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಆಸ್ಟಿಯೋಪೊರೋಸಿಸ್. ಈ ಹಂತದಲ್ಲಿ ಊಟವೊಂದೇ ಸಾಲದು, ಔಷಧಿ ಬೇಕೇಬೇಕು ಎಂಬುದನ್ನು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಅದರ ಜೊತೆಗೆ ಮಜ್ಜಿಗೆ, ಮೆತ್ತಗೆ ಬೇಯಿಸಿದ ಹುರುಳಿಕಾಳು, ನುಗ್ಗೆಸೊಪ್ಪು ಮತ್ತು ಟೆರೇಸಿನ ಮೇಲೆ ನಡಿಗೆಯನ್ನೂ ಬರೆದುಕೊಟ್ಟೆ.

ಅವರ ಮೊಮ್ಮಗಳಿಗೆ ಹದಿಮೂರು ವರ್ಷ. ಮೂವತ್ತರ ಹೊತ್ತಿಗೆ ಮೂಳೆಯ ಗಳಿಕೆ ಮುಗಿಯುತ್ತದೆ, ಹೆಚ್ಚಿನದು ಸೇರುವುದು ಈ ವಯಸ್ಸಿನಲ್ಲೇ. ಹಾಲೆಂದರೆ ಮುಖ ತಿರುಗಿಸುತ್ತಾಳೆ ಎಂದು ಸೊಸೆ ಹೇಳಿದಾಗ, ಅದೇ ಚೀಟಿಯ ಕೆಳಗೆ ಆ ಹುಡುಗಿಗೆಂದು ಮೊಸರನ್ನೂ ಸಿಪ್ಪೆ ತೆಗೆಯದ ಎಳ್ಳಿನ ಉಂಡೆಯನ್ನೂ ಬರೆದೆ.