ಆ ಮುಳ್ಳು ಎಲ್ಲಿಂದ ಹುಟ್ಟಿದೆ, ನೋಡಿ

ಮೊನ್ನೆ ನನ್ನ ಹಳೇ ರೋಗಿಯೊಬ್ಬರು ಪೇಟೆಯ ಗ್ರಂಧಿಗೆ ಅಂಗಡಿಯಿಂದ ತಂದ ಪೊಟ್ಟಣವನ್ನು ಕ್ಲಿನಿಕ್ಕಿನ ಮೇಜಿನ ಮೇಲೆ ಬಿಚ್ಚಿದರು. ನಾನು ಬರೆದುಕೊಟ್ಟಿದ್ದು ಯವಾಸ ಅನ್ನುವ ಆಯುರ್ವೇದದ ಮುಳ್ಳುಗಿಡ. ಪೊಟ್ಟಣದ ಚೀಟಿಯಲ್ಲಿ ‘ದುರಾಲಭಾ’ ಅಂತಿತ್ತು. ‘ಎರಡೂ ಒಂದೇ ಅಂದ್ರು ಡಾಕ್ಟ್ರೇ.’ ಒಳಗೆ ಒಣ ಕಡ್ಡಿ, ಪುಡಿಯಾದ ಎಲೆ, ಅದಕ್ಕಿಂತ ಜಾಸ್ತಿ ಮುಳ್ಳು. ಕೈ ಹಾಕಿದ್ದೇ ತಡ, ಬೆರಳಿಗೆ ಚುಚ್ಚಿತು. ಇದಕ್ಕೆ ದುಃಸ್ಪರ್ಶಾ ಅಂತಲೂ ಹೆಸರಿದೆ, ಮುಟ್ಟೋಕೆ ಕಷ್ಟವಾದದ್ದು ಅಂತ. ಇನ್ನೊಂದು ಹೆಸರು ರೋದನೀ, ಅಳಿಸುವವಳು. ಹೆಸರಿಟ್ಟವರಿಗೂ ಚೆನ್ನಾಗಿಯೇ ಚುಚ್ಚಿರಬೇಕು.

ಅಂಗಡಿಯವರ ತಪ್ಪು ಪೂರ್ತಿ ಅಲ್ಲ. ಹಳೆಯ ನಿಘಂಟುಗಳೇ ಯವಾಸ, ದುರಾಲಭಾ, ಧನ್ವಯಾಸ ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿವೆ. ಇವತ್ತು ನಾವು ಯವಾಸ ಅನ್ನುವುದು ಆಲ್ಹಾಗಿ ಗಿಡಕ್ಕೆ. ಅದು ಅವರೆ, ತೊಗರಿಯ ಕುಟುಂಬದ್ದು. ಧನ್ವಯಾಸ ಅಂದರೆ ಫ್ಯಾಗೋನಿಯಾ, ನೆಗ್ಗಿಲು ಮುಳ್ಳಿನ ಕುಟುಂಬದ್ದು. ದುರಾಲಭಾ ಅನ್ನುವ ಹೆಸರು ಎರಡಕ್ಕೂ ಓಡುತ್ತದೆ.

ಯಾವುದು ಯಾವ ಗಿಡ ಅಂತ ತಿಳಿಯಲು ನಾನು ಲೆನ್ಸ್ ಹಿಡಿದು ಮೊದಲು ಹುಡುಕುವುದು ಮುಳ್ಳಿನ ಬುಡವನ್ನು. ನಿಮ್ಮ ಕಾಂಪೌಂಡಿನ ಬೋಗನ್‌ವಿಲ್ಲಾ ನೋಡಿ. ಎಲೆ ಮತ್ತು ಕಾಂಡದ ಸಂದಿಯಲ್ಲಿ ಒಂಟಿ ಮುಳ್ಳು ಇರುತ್ತದೆ. ಅದು ಚೂಪಾದ ಕೊಂಬೆ. ಆಲ್ಹಾಗಿಯದೂ ಹಾಗೇ. ಆಮೇಲೆ ಕೆರೆ ಏರಿಯ ಕರಿಜಾಲಿ ನೋಡಿ. ಎಲೆಯ ಬುಡದಲ್ಲಿ ಜೋಡಿ ಮುಳ್ಳು. ಅವು ಕೊಂಬೆಯಲ್ಲ, ಎಲೆಬುಡದ ಪುಟ್ಟ ಕಾವಿನೆಲೆಗಳು ಮುಳ್ಳಾದವು. ಫ್ಯಾಗೋನಿಯಾದ್ದು ಈ ಬಗೆ. ಅದರ ಎಲೆಗಳು ಎದುರುಬದುರು, ಹಾಗಾಗಿ ಒಂದೊಂದು ಗಿಣ್ಣಿಗೆ ನಾಲ್ಕು ಮುಳ್ಳು. ತಮಾಷೆ ಅಂದರೆ, ಜಾಲಿ ಆಲ್ಹಾಗಿಯ ನೆಂಟ, ಮುಳ್ಳು ಮಾತ್ರ ಪರರ ಮನೆಯದ್ದು!

ಕೊಂಬೆ ಅಂದ ಮೇಲೆ ಹೂ ಬಿಡಬೇಕಲ್ವಾ? ಬಿಡುತ್ತದೆ. ಆಲ್ಹಾಗಿಯ ಕೆಂಪು ನೇರಳೆ ಹೂವು, ಥೇಟ್ ಬಟಾಣಿ ಹೂವಿನ ಆಕಾರದ್ದು, ಮುಳ್ಳಿನ ಮೇಲೆಯೇ ಕೂರುತ್ತದೆ. ಹೂ ಉದುರಿದ್ದರೆ ಕಾಯಿ ನೋಡಬಹುದು. ಕಾಳು ಕಾಳಿನ ನಡುವೆ ದಾರ ಬಿಗಿದ ಹಾಗೆ ಸಣ್ಣಗಾಗಿರುತ್ತದೆ. ಫ್ಯಾಗೋನಿಯಾ ಕಾಯಿಗೆ ಐದು ಏಣು. ಆ ಪೊಟ್ಟಣದಲ್ಲಿ ನಾಲ್ಕು ಮುಳ್ಳಿನ ಗಿಣ್ಣುಗಳೇ ಸಿಕ್ಕವು. ವಾಪಸ್ ಕೊಟ್ಟು ಬನ್ನಿ ಅಂದೆ.

‘ಯವಾಸವನ್ನು ಟೆರೇಸಿನಲ್ಲಿ ಬೆಳೆಸಬಹುದಾ?’ ಅಂತ ಕೇಳುವವರಿದ್ದಾರೆ. ಒಮ್ಮೆ ಬೀಜ ತರಿಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಕುಂಡದಲ್ಲಿ ಹಾಕಿದ್ದೆ. ಮೊಳಕೆ ಬಂತು. ಆಗಸ್ಟ್ ಮಳೆಗೆ ಕೊಳೆತೂ ಹೋಯಿತು. ರಾಜಸ್ಥಾನ, ಪಂಜಾಬಿನ ಕಡೆ ಇದು ಬೇರನ್ನು ಎಷ್ಟೋ ಮೀಟರ್ ಕೆಳಗಿಳಿಸಿ, ಸುಡುವ ಬೇಸಿಗೆಯಲ್ಲಿ ಹಸಿರಾಗಿ ನಿಂತು, ಮಳೆ ಬಂದರೆ ಎಲೆ ಉದುರಿಸುವ ಗಿಡ. ನಮ್ಮ ಮೋಡ ಅದಕ್ಕೆ ಆಗಿಬರುವುದಿಲ್ಲ. ನೆಲದಲ್ಲಿ ಹಾಕುವುದಂತೂ ಬೇಡ. ಅಮೆರಿಕಕ್ಕೆ ಕುದುರೆ ಮೇವಿನ ಬೀಜದ ಜೊತೆ ಹೋಗಿ, ಬೇರಿನಿಂದಲೇ ಚಿಗುರಿ ಹಬ್ಬಿ, ಅಲ್ಲಿ ದೊಡ್ಡ ಕಳೆಯಾಗಿದೆ.

ಇದೇ ಗಿಡದಿಂದ ಇರಾನ್, ಅಫ್ಘಾನಿಸ್ತಾನದ ಕಡೆ ಸಿಹಿ ಅಂಟು ಒಸರುತ್ತದೆ. ಯುನಾನಿಯವರು ತುರಂಜಬೀನ್ ಅನ್ನುತ್ತಾರೆ. ಶಿವಾಜಿನಗರದಲ್ಲಿ ಒಮ್ಮೆ ಸ್ವಲ್ಪ ಕೊಂಡಿದ್ದೆ. ಹಳೇ ಬೆಲ್ಲದ ಹಾಗೆ ಅಂಟಂಟು ಉಂಡೆ. ಒಡೆದರೆ ಒಳಗೆ ಒಂದು ಮುಳ್ಳಿನ ತುಂಡು, ಪಕ್ಕದಲ್ಲೇ ದಾರ ಬಿಗಿದಂಥ ಕಾಯಿ.